ಗೋಣಿತಟ್ಟಿನೊಳಗಿನ ತಂಪು

ಏಲಕ್ಕಿ ಜಗಿಯುತ್ತ ಬಂದವನನ್ನು ನಾನು ನಂಬುವುದಿಲ್ಲ. ಏಲಕ್ಕಿಯ ಬದಲು ಲವಂಗವಿದ್ದರೂ, ಬೇವಿನ ಕಡ್ಡಿಯಿದ್ದರೂ ಅಷ್ಟೇ. ತಂಬಾಕು ಬಿಡಿಸುವ ವಿಭಾಗದಲ್ಲಿ ಆಪ್ತ ಸಮಾಲೋಚಕಿಯಾಗಿ ಕೂತವಳ ಕಿವಿಗೆ ದಿನವೂ ಬೀಳುವುದು ಸುಳ್ಳೇ. ಬಿಟ್ಟು ವರ್ಷವಾಯಿತು ಎನ್ನುವವನ ಅಂಗಿಯ ಜೇಬು ಬೀಡಿ ಕಟ್ಟಿನಿಂದ ಉಬ್ಬಿರುತ್ತದೆ. ಮುದ್ದೇಬಿಹಾಳದ ಶಿಬಿರದಲ್ಲಿ ಒಬ್ಬ ದರ್ಜಿ ನನ್ನೆದುರು ಮಗಳ ಆಣೆ ಹಾಕಿ, ಹೊರಗೆ ಹೋಗಿ, ನನ್ನದೇ ಸ್ಕೂಟಿಗೆ ಒರಗಿ ನಿಂತು ಬೀಡಿ ಹಚ್ಚಿದ್ದ. ಅಂದಿನಿಂದ ಮನುಷ್ಯರ ಮಾತಿಗಿಂತ ಯಂತ್ರದ ಮಾತೇ ವಾಸಿ ಎಂದುಕೊಂಡಿದ್ದೆ.

ಯಂತ್ರ ಅಂಗೈಯಗಲದ್ದು. ಹೊಗೆಯ ಜೊತೆ ಒಳಹೊಕ್ಕು ರಕ್ತಕ್ಕೆ ಅಂಟಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಉಸಿರಿನಲ್ಲಿ ಎಷ್ಟಿದೆ ಎಂದು ಅದು ತೋರಿಸುತ್ತದೆ. ಪ್ರತಿಯೊಬ್ಬರಿಗೂ ಹೊಸ ರಟ್ಟಿನ ಕೊಳವೆ ಸಿಕ್ಕಿಸಬೇಕು. ಆಳವಾಗಿ ಉಸಿರೆಳೆದು ಹಿಡಿದುಕೊಳ್ಳಲು ಹೇಳಬೇಕು. ಯಂತ್ರ ಎಣಿಕೆ ಮುಗಿಸಿ ಸದ್ದು ಮಾಡಿದ ಮೇಲೆ ನಿಧಾನವಾಗಿ, ಎದೆ ಖಾಲಿಯಾಗುವವರೆಗೆ ಊದಿಸಬೇಕು. ಹಸಿರು ದೀಪ ಬಂದರೆ ಸೇದದವರು, ಕೆಂಪು ಬಂದರೆ ಸೇದುವವರು. ಹಳದಿ ಬಂದರೆ ಆಗೊಮ್ಮೆ ಈಗೊಮ್ಮೆ ಸೇದುವವರು ಎಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಜನ ಇದಕ್ಕೆ ಊದು ಮಷಿನ್ ಎಂದು ಹೆಸರಿಟ್ಟಿದ್ದರು.

ಆ ಬೇಸಿಗೆಯಲ್ಲಿ ಇಂಡಿ ಪಟ್ಟಣದ ನಿಂಬೆ ವ್ಯಾಪಾರದ ಅಂಗಳದಲ್ಲಿ ಶಿಬಿರ ಹಾಕಿದೆವು. ಹಮಾಲರು, ಟೆಂಪೋ ಚಾಲಕರು, ದಲಾಲರು ಸಾಲಾಗಿ ನಿಂತು ಊದಿದರು. ನಿರೀಕ್ಷಿಸಿದಷ್ಟೇ ಕೆಂಪು ದೀಪಗಳು, ನಿರೀಕ್ಷಿಸಿದಷ್ಟೇ ಸುಳ್ಳುಗಳು. ಪಕ್ಕದ ಮೇಜಿನಲ್ಲಿ ರಕ್ತದೊತ್ತಡ ನೋಡುತ್ತಿದ್ದುದರಿಂದ ಹೆಂಗಸರೂ ಬಂದರು. ಅವರಲ್ಲಿ ಸಾಲೋಟಗಿಯ ಒಬ್ಬ ಅತ್ತೆ ಮತ್ತು ಸೊಸೆ. ಇಬ್ಬರೂ ಒಂದೇ ಸಾಹುಕಾರನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅತ್ತೆ ಅಂಗಳದ ಬೇವಿನ ಮರದ ಕೆಳಗೆ ನಿಂಬೆಯನ್ನು ಜರಡಿಗೆ ಹಾಕಿ ಗಾತ್ರ ಬೇರ್ಪಡಿಸುವವಳು. ಸೊಸೆ ಅಂಗಡಿಯ ಒಳಗೆ ಕೂತು ಕೆಟ್ಟ ಕಾಯಿ ಆರಿಸಿ ತೆಗೆಯುವವಳು, ತುಂಬು ಐದು ತಿಂಗಳ ಬಸುರಿ. ಸೊಸೆಯ ಕೆಮ್ಮು ಹೋಗುತ್ತಲೇ ಇಲ್ಲ, ಅದೇನು ನೋಡಿರಿ ಎಂದು ಅತ್ತೆಯೇ ಅವಳನ್ನು ನನ್ನ ಮೇಜಿಗೆ ತಳ್ಳಿಕೊಂಡು ಬಂದಿದ್ದಳು.

ಸೊಸೆಗೆ ಧೈರ್ಯ ಬರಲೆಂದು ಅತ್ತೆ ತಾನೇ ಮೊದಲು ಊದಿದಳು. ಹಸಿರು. ಆಮೇಲೆ ಸೊಸೆ ಊದಿದಳು. ದೀಪ ಹಸಿರಿನಲ್ಲಿ ಒಂದು ಗಳಿಗೆ ನಿಂತು ಹಳದಿಗೆ ಹೋಯಿತು.

ನಾನು ಬಾಯಿ ತೆರೆಯುವ ಮೊದಲೇ, ಆಗಷ್ಟೇ ಕೆಂಪು ದೀಪ ಬರಿಸಿಕೊಂಡು ಪಕ್ಕದಲ್ಲಿ ಕೂತಿದ್ದ ಹಮಾಲನೊಬ್ಬ ಹಳದಿಯ ಅರ್ಥ ಹೇಳಿಬಿಟ್ಟ. "ಹಳದಿ ಅಂದ್ರ ಕದ್ದು ಸೇದೋರಬೇ ಯಮ್ಮಾ," ಎಂದು ಅತ್ತೆಗೆ ತಿಳಿಹೇಳಿದ. ಸಾಲಿನಲ್ಲಿ ನಗು ಎದ್ದಿತು. ಸೊಸೆ ಬೀಡಿ ಮುಟ್ಟಿಲ್ಲ ಎಂದಳು, ಎರಡು ಸಲ ಎಂದಳು, ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಅಷ್ಟು ಜನರ ಮುಂದೆ ಹಮಾಲನನ್ನು ಬೈದು ಎಬ್ಬಿಸಿದೆ. ಆದರೆ ಒಳಗೊಳಗೆ ನನಗೂ ಅನಿಸಿದ್ದು ಅದೇ. ಮುಟ್ಟಿಲ್ಲ ಎಂದು ಎರಡೆರಡು ಸಲ ಹೇಳುವವರನ್ನು ಎಷ್ಟು ಕಂಡಿಲ್ಲ ನಾನು. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಆ ಅಂಗಡಿಯ ಒಳಗೆ ಕಾಯಿ ಆರಿಸುವ ಉಳಿದ ಹೆಂಗಸರು ಸಾಲಿನಲ್ಲಿದ್ದವರು, ಹಳದಿ ದೀಪ ನೋಡಿದ್ದೇ ತಡ, ಒಬ್ಬೊಬ್ಬರಾಗಿ ಜಾರಿಕೊಂಡರು. ಇಡೀ ಅಂಗಡಿಯೇ ಏನನ್ನೋ ಮುಚ್ಚಿಡುತ್ತಿದೆ ಎಂದು ಅಂದೇ ಸಂಶಯ ಹತ್ತಿತು.

ಬಸುರಿಯ ಉಸಿರಿನಲ್ಲಿ ಆ ಅನಿಲ ಇದ್ದರೆ ಕೂಸಿಗೆ ಹೋಗಬೇಕಾದ ಪ್ರಾಣವಾಯು ಕಡಿಮೆಯಾಗುತ್ತದೆ. ಹಾಗಾಗಿ ಅವಳನ್ನು ಆಸ್ಪತ್ರೆಗೆ ಕರೆಸಿದೆ. ಹೆರಿಗೆ ವೈದ್ಯೆ ಸ್ಕ್ಯಾನ್ ನೋಡಿ, ಕೂಸು ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ ಎಂದರು. ಮೊದಲನೆಯ ಕೂಸು ದಿನ ತುಂಬುವ ಮೊದಲೇ ಹುಟ್ಟಿ ಉಳಿದಿರಲಿಲ್ಲ. ಈ ಸಲ ಎಚ್ಚರ ತಪ್ಪಬಾರದು, ಸೇದುತ್ತಿದ್ದರೆ ಹೇಗಾದರೂ ಮಾಡಿ ಬಿಡಿಸು ಎಂದು ನನಗೆ ಒಪ್ಪಿಸಿದರು.

ಬಿಡಿಸಲು ಮೊದಲು ಒಪ್ಪಿಸಬೇಕಲ್ಲ. ಅಂದು ಸೋಮವಾರ ಬೆಳಿಗ್ಗೆ, ಹಿಂದಿನ ದಿನ ಅಂಗಡಿಗೆ ರಜೆ. ಊದಿಸಿದರೆ ಹಸಿರು ಬಂತು. ಬೇರೆಯವರಾದರೆ ಸಮಾಧಾನಪಡುತ್ತಿದ್ದರೋ ಏನೋ, ನನಗೆ ಅನುಮಾನ ಹೆಚ್ಚಾಯಿತು. ಒಂದು ದಿನ ಸೇದದಿದ್ದರೆ ಎಂಥವರದೂ ಹಸಿರಿಗೆ ಇಳಿಯುತ್ತದೆ. ಆಸ್ಪತ್ರೆಗೆ ಬರುವ ದಿನ ಬಾಯಿ ಕಟ್ಟುವುದು ಹಳೆಯ ಆಟ. ಮೂತ್ರ ಪರೀಕ್ಷೆಯಿಂದ ತಂಬಾಕಿನ ಅಂಶ ಪತ್ತೆ ಮಾಡಬಹುದು, ಆ ಸೌಲಭ್ಯ ನಮ್ಮಲ್ಲಿರಲಿಲ್ಲ.

ಅತ್ತೆ ಸೊಸೆಯನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಬಂದಳು. ಅವಳ ತಕರಾರು ಉದ್ದವಿತ್ತು. ಸೊಸೆಯ ಪೆಟ್ಟಿಗೆ ತೆಗೆದು ನೋಡಿದ್ದಾಳೆ, ಹಾಸಿಗೆ ಕೊಡವಿದ್ದಾಳೆ, ಏನೂ ಸಿಕ್ಕಿಲ್ಲ. ಆದರೆ ಸಂಜೆ ಮನೆಗೆ ಬಂದಾಗ ಕೂದಲು ಮೂಸಿದರೆ ಬೀಡಿ ವಾಸನೆ ಗಪ್ಪೆಂದು ಬಡಿಯುತ್ತದೆ. ಮೊದಲು ದಿನವೂ ಬೆಳಿಗ್ಗೆ ಸೊಸೆಯ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದವಳು ಈಗ ಮುಟ್ಟುವುದನ್ನೇ ಬಿಟ್ಟಿದ್ದಾಳೆ.

"ಬಸುರಿ ಹೆಂಗಸು, ಬಿಸಿಲಾಗ ಕುಂಡ್ರಬಾರದು ಅಂತ ಸಾವಕಾರಗ ಕೈ ಮುಗದು ಒಳಗ ತಂಪಿನ್ಯಾಗ ಜಾಗಾ ಕೊಡಸೇನ್ರಿ ಅಕ್ಕಾರ. ಅಂಥಾಕಿ ಹಿಂಗ ಮಾಡತಾಳು. ಈ ಕೂಸಿಗಿ ಏನರ ಆತು ಅಂದ್ರ ಸಿಂದಗಿಗಿ ಕಳಿಸಿಬಿಡತೇನಿ, ತಿರುಗಿ ಕರಿಯಂಗಿಲ್ಲ," ಎಂದಳು.

ಸಿಂದಗಿ ಸೊಸೆಯ ತವರು. ಬರೀ ಬೆದರಿಕೆಯ ಮಾತಲ್ಲ ಅದು. ಹಿರಿಯರನ್ನು ಕೂರಿಸಿ ಮಾತಾಡಲು ದಿನ ನೋಡುತ್ತಿದ್ದರಂತೆ. ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಹುಡುಗಿಯ ಒಣಗಿದ, ಕೆದರಿದ ಕೂದಲು ನನಗೆ ಕಾಣುತ್ತಿತ್ತು. ಪಾಪ ಎನಿಸಿತು. ಸುಳ್ಳುಗಾತಿಯಾಗಿದ್ದರೂ ಪಾಪವೇ ಎನಿಸಿತು.

ನಾನು ಕೆಲಸಕ್ಕೆ ಹತ್ತಿದೆ. ಮೊದಲು ಯಂತ್ರದ ಮೇಲೆ ಸಂಶಯಪಟ್ಟೆ. ಬಸವನ ಬಾಗೇವಾಡಿಯಲ್ಲಿ ನನ್ನದೇ ಕೆಲಸ ಮಾಡುವ ಗೆಳತಿಯ ಯಂತ್ರ ತರಿಸಿ ಒಬ್ಬರನ್ನೇ ಎರಡರಲ್ಲೂ ಊದಿಸಿದೆ, ಎರಡೂ ಒಂದೇ ಹೇಳಿದವು. ಆಮೇಲೆ ಸೊಸೆಯ ಗಂಡನ ಮೇಲೆ. ಟೆಂಪೋ ಓಡಿಸುವ ಅವನು ಊದಿದ್ದು ಹಸಿರು. ಅವನ ಹಲ್ಲು ನೋಡಿದರೆ ಗುಟ್ಕಾ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಅದು ಬೇರೆ ಜಗಳ, ಅದನ್ನು ಬೇರೆ ದಿನಕ್ಕಿಟ್ಟೆ. ಆಮೇಲೆ ಕಟ್ಟಿಗೆ ಒಲೆ. ಒಲೆಯ ಹೊಗೆಯಲ್ಲೂ ಇದೇ ಅನಿಲ ಇರುತ್ತದೆ. ರೊಟ್ಟಿ ಯಾರು ಬಡಿಯುತ್ತಾರೆ ಎಂದು ಕೇಳಿದೆ. ಸೊಸೆ ಬಸುರಿಯಾದಾಗಿನಿಂದ ಎರಡು ಹೊತ್ತೂ ಅತ್ತೆಯೇ ಬಡಿಯುತ್ತಾಳೆ. ಹಾಗಿದ್ದೂ ಅತ್ತೆಯದು ಹಸಿರು, ಒಲೆಯ ಹತ್ತಿರ ಬಾರದವಳದು ಹಳದಿ. ಇದನ್ನೇ ಹಿಡಿದು ಅತ್ತೆ ಇನ್ನಷ್ಟು ಬಿಗಿಯಾದಳು. ಮಷಿನ್ ಸುಳ್ಳು ಹೇಳುವುದಿಲ್ಲ ಎಂದು ನನಗೇ ತಿರುಗಿಸಿ ಹೇಳಿದಳು.

ಉಳಿದದ್ದು ಅಂಗಡಿ. ಆಸ್ಪತ್ರೆಯ ಜೀಪು ತೆಗೆದುಕೊಂಡು, ಕಾಗದ ಪತ್ರ ಸಮೇತ ಒಂದು ಬೆಳಿಗ್ಗೆ ಹೋದೆ. ಅದು ಉದ್ದನೆಯ ಕಲ್ಲುಗೋಡೆಯ ಕೋಣೆ, ಮೇಲೆ ತಗಡು. ನೆಲದ ಮೇಲೆ ಗುಡ್ಡೆಗುಡ್ಡೆ ನಿಂಬೆ. ಬಾಗಿಲು ಕಿಟಕಿ ಹಾರು ಹೊಡೆದು ಪೂರ್ತಿ ತೆರೆದಿದ್ದವು. ನೆಲ ಗುಡಿಸಿತ್ತು, ಮೂಲೆಯಲ್ಲಿ ಊದಬತ್ತಿ ಉರಿಯುತ್ತಿತ್ತು. ಹೆಂಗಸರು ತಗ್ಗಿನ ಮಣೆಗಳ ಮೇಲೆ ಕೂತು ಕಾಯಿ ಆರಿಸುತ್ತಿದ್ದರು. ಒಬ್ಬ ವ್ಯಾಪಾರಿಯೂ ಒಳಗಿರಲಿಲ್ಲ. ಎಲ್ಲರೂ ಬೇವಿನ ಮರದ ಕೆಳಗೆ ಮದುವೆಗೆ ಬಂದ ಬೀಗರ ಹಾಗೆ ಶಿಸ್ತಾಗಿ ಕೂತಿದ್ದರು.

ಸಾಹುಕಾರ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಅವನ ವಿನಯ ನೋಡಿಯೇ ನನಗೆ ಮೈ ಉರಿಯಿತು. ಇಲ್ಲಿ ಯಾರೂ ಸೇದುವುದಿಲ್ಲ, ಫಲಕ ಹಾಕಿದ್ದೇನೆ ನೋಡಿ ಎಂದ. ಧೂಮಪಾನ ನಿಷೇಧಿಸಿದೆ ಎಂಬ ಫಲಕ ಬಾಗಿಲ ಮೇಲೆ ನಿಜಕ್ಕೂ ಇತ್ತು. ಮುಟ್ಟಿದೆ. ಬೆರಳಿಗೆ ಬಣ್ಣ ಹತ್ತಿತು.

ಕಿಟಕಿಗಳ ಎರಡೂ ಬದಿ ಗೋಡೆಯಲ್ಲಿ ಮೊಳೆಗಳ ಸಾಲು, ಅದರ ಕೆಳಗೆ ನೀರು ಇಳಿದ ಕಲೆ ಕಂಡವು. ಮೂಲೆಯಲ್ಲಿ ಗೋಣಿತಟ್ಟುಗಳ ದೊಡ್ಡ ಸುರುಳಿ. ಏನಿದು ಎಂದು ಕೇಳಿದೆ. ಬಿಸಿಗಾಳಿ ಹೊಡೆದರೆ ನಿಂಬೆ ಬಾಡುತ್ತದೆ, ತೂಕ ಇಳಿಯುತ್ತದೆ. ಅದಕ್ಕೆ ಗೋಣಿತಟ್ಟು ತೋಯಿಸಿ ಬಾಗಿಲು ಕಿಟಕಿಗೆ ಇಳಿಬಿಡುವುದು ಈ ವ್ಯಾಪಾರದ ಪದ್ಧತಿ ಎಂದು ವಿವರಿಸಿದ. ಹಾಗಾದರೆ ಇಂದೇಕೆ ಬಿಟ್ಟಿಲ್ಲ ಎಂದೆ. ಇಂದು ಗಾಳಿಯಿಲ್ಲ ಎಂದ. ಅವನು ಹಾಗೆನ್ನುವಾಗಲೇ ಬಿಸಿಗಾಳಿ ನುಗ್ಗಿ ನನ್ನ ಮಡಿಲಲ್ಲಿದ್ದ ಕಾಗದಗಳನ್ನು ನಿಂಬೆಯ ಗುಡ್ಡೆಯ ಮೇಲೆಲ್ಲ ಹರಡಿತು.

ಹೆಂಗಸರನ್ನು ಊದಿಸಿದೆ. ಎಲ್ಲರದೂ ಹಸಿರು, ಸೊಸೆಯದೂ ಹಸಿರು. ನಾನು ಬರುವ ಸುದ್ದಿ ಮೊದಲೇ ಮುಟ್ಟಿತ್ತು, ಅದರಲ್ಲಿ ಸಂಶಯವಿರಲಿಲ್ಲ. ಯಾರು ಮುಟ್ಟಿಸಿದರು ಎಂಬುದರಲ್ಲಿ ಮಾತ್ರ ಇತ್ತು. ಜೀಪಿನ ಚಾಲಕ ಲಚ್ಯಾಣದವನು, ಸಾಹುಕಾರನೂ ಲಚ್ಯಾಣದವನು. ಮರಳುವಾಗ ಇಡೀ ದಾರಿ ನಾನು ಚಾಲಕನ ಮುಖವನ್ನು ಕನ್ನಡಿಯಲ್ಲಿ ನೋಡುತ್ತಲೇ ಬಂದೆ. ಅವನು ಹಾಡು ಗುನುಗುತ್ತಿದ್ದ. ಅದೂ ಸರಿ ಕಾಣಲಿಲ್ಲ ನನಗೆ.

ಅಂಗಡಿಯಿಂದ ಹೊರಡುವಾಗ ಒಂದು ಸಣ್ಣ ಸಂಗತಿ ನಡೆದಿತ್ತು. ಸೊಸೆ ಕುಡಿಯುವ ನೀರು ತಂದುಕೊಡುವ ನೆಪದಲ್ಲಿ ಜೀಪಿನವರೆಗೆ ಬಂದಿದ್ದಳು. ಲೋಟ ಕೊಡುತ್ತ, ನನ್ನ ಮುಖ ನೋಡದೆ, "ಮಾಲು ಭಾಳ ಬಂದ ದಿನ ಬರ್ರಿ ಅಕ್ಕಾರ, ಹೇಳದ ಬರ್ರಿ," ಎಂದು ಹೋಗಿಬಿಟ್ಟಳು. ಇದನ್ನು ನಂಬಬೇಕೋ, ತನ್ನ ಮೇಲಿನ ಕಣ್ಣನ್ನು ಬೇರೆ ಕಡೆ ತಿರುಗಿಸುವ ಉಪಾಯ ಎನ್ನಬೇಕೋ ತಿಳಿಯಲಿಲ್ಲ.

ಮನೆಗೆ ಬಂದು ತಲೆ ಕೆಡಿಸಿಕೊಂಡು ಕೂತೆ. ಅತ್ತೆ ಸೊಸೆ ಇಬ್ಬರದೂ ಒಂದೇ ಮನೆ, ಒಂದೇ ಒಲೆ, ಒಂದೇ ಟೆಂಪೋದಲ್ಲಿ ಹೋಗಿ ಬರುತ್ತಾರೆ. ಒಂದೇ ಸಾಹುಕಾರ, ಒಂದೇ ನಿಂಬೆ. ಬೇರೆಯಿರುವುದು ಕೂರುವ ಜಾಗ ಮಾತ್ರ. ಒಬ್ಬಳು ಮರದ ಕೆಳಗೆ, ಇನ್ನೊಬ್ಬಳು ತಟ್ಟಿನ ಒಳಗೆ. ಅತ್ತೆ ಸೊಸೆಯ ವಿರುದ್ಧ ಎತ್ತಿ ಹಿಡಿದಿದ್ದ ಸಾಕ್ಷಿಯೇ ಸೊಸೆಯ ಪರವಾಗಿಯೂ ನಿಲ್ಲುತ್ತದೆ ಎಂದು ಆಗ ಹೊಳೆಯಿತು. ಅಂದು ಜಾರಿಕೊಂಡ ಹೆಂಗಸರೂ ನೆನಪಾದರು. ಅವರೆಲ್ಲ ಒಳಗೆ ಕೂರುವವರು.

ಆದರೆ ಹೊಳೆದದ್ದನ್ನು ತೋರಿಸುವುದು ಹೇಗೆ? ಸೇದುವವರಿಗೆ ದಂಡ ಹಾಕುವ ದಾಳಿಯ ತಂಡವನ್ನು ಕರೆದೊಯ್ದರೆ ಮತ್ತೆ ಊದಬತ್ತಿ, ಮತ್ತೆ ಹೊಸ ಬಣ್ಣ. ದಂಡ ಹಾಕಿದರೂ ಸಾಹುಕಾರ ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ಅಷ್ಟರಲ್ಲಿ ಈ ಹುಡುಗಿ ಸಿಂದಗಿಯಲ್ಲಿರುತ್ತಾಳೆ, ಸೇದುವವಳು ಎಂಬ ಹೆಸರು ಹೊತ್ತುಕೊಂಡು. ಅವಳನ್ನು ಉಳಿಸಬೇಕಾದರೆ ಸಾಹುಕಾರನಿಗಿಂತ ಮೊದಲು ಅತ್ತೆಗೆ ಕಾಣಿಸಬೇಕು. ಆ ಹೆಂಗಸು ನನ್ನ ಮಾತನ್ನು ನಂಬುವವಳಲ್ಲ. ನನ್ನ ಹಾಗೆಯೇ ಅವಳೂ ಯಂತ್ರವನ್ನಷ್ಟೇ ನಂಬುವವಳು. ಹಾಗಾಗಿ ಅವಳ ಸಂಶಯವನ್ನೇ ಹಿಡಿದು ಅವಳನ್ನು ಒಳಗೆ ಕೂರಿಸುವುದೆಂದು ತೀರ್ಮಾನಿಸಿದೆ.

ಸಾಲೋಟಗಿಗೆ ಹೋಗಿ ಅವಳನ್ನು ಕಂಡೆ. "ಅವ್ವಾರ, ಸೊಸಿ ಎಲ್ಲಿ ಸೇದತಾಳು ಅಂತೀರಿ?" ಎಂದು ಕೇಳಿದೆ.

"ಅಂಗಡ್ಯಾಗನರಿ. ಮನ್ಯಾಗ ನನ್ನ ಕಣ್ಣ ತಪ್ಪಿಸಾಕ ಅಕಿ ಕಡಿಂದ ಆಗಂಗಿಲ್ಲ."

"ಹಂಗಾದ್ರ ಒಂದಿನ ಪೂರಾ ಅಕಿ ಬಾಜೂಕ ಕುಂತು ಕಾಯೂಣು. ನೀವೂ, ನಾನೂ. ಸೇದಿದ್ರ ಇಬ್ಬರ ಕಣ್ಣಿಗೂ ಬೀಳತೈತಿ."

ಈ ಮಾತು ಅವಳಿಗೆ ಹಿಡಿಸಿತು. ಮುಖದಲ್ಲಿ ಹುರುಪು ಬಂತು. ಸತ್ಯ ಹೇಳಬೇಕೆಂದರೆ ನನ್ನ ಅನುಮಾನವೂ ಪೂರ್ತಿ ಅಳಿದಿರಲಿಲ್ಲ. ನಾನೂ ಅರ್ಧ ಕಾವಲುಗಾರ್ತಿಯಾಗಿಯೇ ಹೊರಟಿದ್ದೆ. ಒಂದೇ ಷರತ್ತು ಹಾಕಿದೆ. ಒಳಗೆ ಹೋಗುವ ಮೊದಲು ಮೂವರೂ ಊದಬೇಕು, ಹೊರಗೆ ಬಂದ ಮೇಲೆ ಮೂವರೂ ಊದಬೇಕು. ಅದಕ್ಕೇನಂತೆ ಎಂದಳು.

ಮಾಲು ಹೆಚ್ಚು ಬರುವ ದಿನ ನೋಡಿ ರಜೆ ಹಾಕಿದೆ. ಹಳೆಯ ಸೀರೆ ಉಟ್ಟು, ಯಂತ್ರವನ್ನು ಕೈಚೀಲದಲ್ಲಿಟ್ಟು, ಯಾರಿಗೂ ಹೇಳದೆ ಹೋದೆ. ಬೇವಿನ ಮರದ ಕೆಳಗೆ ಮೂವರೂ ಊದಿದೆವು, ಮೂವರದೂ ಹಸಿರು. ಸಾಹುಕಾರ ನನ್ನನ್ನು ಕಂಡು ಬೆಚ್ಚಿದ. ರಜೆಯಲ್ಲಿದ್ದೇನೆ, ಅವ್ವನಿಗೆ ಉಪ್ಪಿನಕಾಯಿಗೆ ನಿಂಬೆ ಬೇಕು, ನಾನೇ ಕೂತು ಆರಿಸಿಕೊಳ್ಳುತ್ತೇನೆ ಎಂದೆ. ಅವನು ನಂಬಲಿಲ್ಲ. ಆದರೆ ಗಾಡಿಗಳು ಒಂದರ ಹಿಂದೊಂದು ಬಂದು ನಿಂತಿದ್ದವು, ಸೊಲ್ಲಾಪುರದ ಕಡೆಯ ವ್ಯಾಪಾರಿಗಳು ಆಗಲೇ ಒಳಗೆ ಕೂತಿದ್ದರು. ಅವರನ್ನು ಎಬ್ಬಿಸಿ ಹೊರಗೆ ಕಳಿಸುವ ಧೈರ್ಯ ಅವನಿಗಿರಲಿಲ್ಲ.

ತೊಯ್ದ ಗೋಣಿತಟ್ಟು ಸರಿಸಿ ಒಳಗೆ ಕಾಲಿಟ್ಟಾಗ ಅಬ್ಬ ಎನಿಸಿತು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಗರ್ಭಗುಡಿಯಂಥ ತಂಪು. ತಟ್ಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಿಂಬೆಯ ಪರಿಮಳ ಮೂಗು ತುಂಬಿತು. ಬಸುರಿಗೆ ಇಂಥ ಜಾಗ ಸಿಕ್ಕಿದ್ದು ಪುಣ್ಯವೇ ಎಂದು ನಾನೂ ಅಂದುಕೊಂಡೆ. ಅತ್ತೆ ಸೊಸೆಯ ಬಲಕ್ಕೆ, ನಾನು ಎಡಕ್ಕೆ ಕೂತೆವು. ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸೊಸೆಯ ಕೈಗಳನ್ನೇ ನೋಡತೊಡಗಿದಳು.

ವ್ಯಾಪಾರ ಶುರುವಾಯಿತು. ಇಲ್ಲಿ ಬೆಲೆಯನ್ನು ಕೂಗುವುದಿಲ್ಲ. ದಲಾಲ ಮತ್ತು ವ್ಯಾಪಾರಿ ಒಂದೇ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾರೆ. ಒಬ್ಬನ ಬೆಲೆ ಇನ್ನೊಬ್ಬನಿಗೆ ತಿಳಿಯಬಾರದು. ಒಬ್ಬೊಬ್ಬರದೇ ಸರದಿ, ಹಾಗಾಗಿ ಉಳಿದವರು ಕಾಯಬೇಕು. ಕಾಯುವವನ ಕೈ ಜೇಬಿಗೆ ಹೋಗುತ್ತದೆ. ಒಬ್ಬ ಸಿಗರೇಟು ಹಚ್ಚಿದ, ಅದೇ ಕಡ್ಡಿಯಲ್ಲಿ ಇನ್ನೊಬ್ಬ ಬೀಡಿ ಹಚ್ಚಿದ. ಒಂದು ಸುತ್ತು ಮುಗಿಯುವಷ್ಟರಲ್ಲಿ ಮತ್ತೊಂದು ಗಾಡಿ, ಮತ್ತೊಂದು ಸುತ್ತು. ಹೊರಗಿನ ಬಿಸಿಲಿಗೆ ಹೆದರಿ ಹಮಾಲರೂ ದಣಿವಾರಿಸಿಕೊಳ್ಳಲು ಒಳಗೇ ಬಂದು ಹಚ್ಚಿದರು. ಫಲಕದ ಬಣ್ಣ ಆಗಲೇ ಒಣಗಿತ್ತು, ಯಾರೂ ಅದರತ್ತ ತಲೆ ಎತ್ತಲಿಲ್ಲ.

ಆ ಹೊಗೆ ಹೋಗುವುದಾದರೂ ಎಲ್ಲಿಗೆ? ಬಿಸಿಗಾಳಿ ಒಳಬರದಂತೆ ಕಟ್ಟಿದ ತಟ್ಟು ಹೊಗೆಯನ್ನು ಹೊರಗೂ ಬಿಡುವುದಿಲ್ಲ. ಫ್ಯಾನು ಇತ್ತು, ಆದರೆ ಗಾಳಿಗೆ ಕಾಯಿ ಬಾಡುತ್ತದೆಂದು ಅದನ್ನು ಹಚ್ಚುತ್ತಿರಲಿಲ್ಲ. ಹೊಗೆ ತಗಡಿಗೆ ಮುಟ್ಟಿ ಮೆಲ್ಲಗೆ ಕೆಳಗಿಳಿದು, ನೆಲಕ್ಕೆ ಕೂತ ಹೆಂಗಸರ ತಲೆಯ ಸುತ್ತ ನಿಂತಿತು. ನನ್ನ ಕಣ್ಣು ಉರಿದು ನೀರು ಬಂತು, ಗಂಟಲು ಕೆರೆಯಿತು. ಸ್ವಲ್ಪ ಹೊತ್ತಿನ ಮೇಲೆ ವಿಚಿತ್ರವೆಂಬಂತೆ ಅದೂ ರೂಢಿಯಾಯಿತು. ನಿಂಬೆಯ ಪರಿಮಳದ ಅಡಿಯಲ್ಲಿ ಹೊಗೆಯ ವಾಸನೆ ಅಡಗಿಹೋಯಿತು, ತಲೆನೋವು ಮಾತ್ರ ಉಳಿಯಿತು. ವರ್ಷಗಟ್ಟಲೆ ಜನರ ಜೇಬು ನೋಡಿದ್ದೇನೆ, ಹಲ್ಲು ನೋಡಿದ್ದೇನೆ. ನೀವು ಕೆಲಸಕ್ಕೆ ಎಲ್ಲಿ ಕೂರುತ್ತೀರಿ ಎಂದು ಒಬ್ಬರನ್ನೂ ಕೇಳಿದ ನೆನಪಾಗಲಿಲ್ಲ. ತರಬೇತಿಯಲ್ಲೂ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಸೊಸೆಯ ಕೈ ಒಂದು ಗಳಿಗೆಯೂ ನಿಂಬೆ ಬಿಟ್ಟು ಹೋಗಲಿಲ್ಲ. ಕೆಮ್ಮು ಬಂದಾಗ ಸೆರಗು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು, ಮತ್ತೆ ಆರಿಸುತ್ತಿದ್ದಳು. ಊಟಕ್ಕೂ ಅಲ್ಲಿಯೇ ಬುತ್ತಿ ಬಿಚ್ಚಿದೆವು. ಅವಳು ಎದ್ದು ಹೊರಗೆ ಹೋದಾಗೆಲ್ಲ ಅತ್ತೆ ನೆರಳಿನಂತೆ ಬೆನ್ನು ಹತ್ತಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅತ್ತೆಗೂ ಕೆಮ್ಮು ಬಂತು. ಧೂಳು ಎಂದಳು.

ಕೊನೆಯ ಗಾಡಿಯ ವ್ಯಾಪಾರ ಕುದುರಿದ ಮೇಲೆ ಮೂವರೂ ಬೇವಿನ ಮರದ ಕೆಳಗೆ ಬಂದೆವು. ಅಂಗಳದವರು ಸುತ್ತ ಸೇರಿದರು. ಅಂದು ಹಳದಿಯ ಅರ್ಥ ಹೇಳಿದ್ದ ಹಮಾಲನೂ ಬಂದು ನಿಂತ.

ಮೊದಲು ಸೊಸೆ ಊದಿದಳು. ಹಳದಿ.

ಅತ್ತೆ ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು. ಇಡೀ ದಿನ ಕಣ್ಣು ಕೀಳದೆ ನೋಡಿದವಳು ಅವಳೇ. ಬೀಡಿ ಕಂಡಿಲ್ಲ, ದೀಪ ಹಳದಿ. "ಮಷಿನ್ ಕೆಟ್ಟೈತ್ರಿ," ಎಂದಳು. ನಾನು ಕೊಳವೆ ಬದಲಿಸಿ ಊದಿದೆ. ಹುಟ್ಟಿದಾಗಿನಿಂದ ಬೀಡಿ ಮುಟ್ಟದವಳು ನಾನು. ನನ್ನದೂ ಹಳದಿ. ಹೊಸ ಕೊಳವೆ ಸಿಕ್ಕಿಸಿ ಯಂತ್ರವನ್ನು ಅವಳ ಕಡೆ ಚಾಚಿದೆ. ಶಿಬಿರದ ದಿನ ಎಲ್ಲರಿಗಿಂತ ಮುಂದೆ ಬಂದು ಊದಿದ್ದವಳು ಈಗ ಕೈ ಚಾಚಲು ತಡಮಾಡಿದಳು. ಸುತ್ತ ನಿಂತವರ ಮುಖ ನೋಡಿದಳು. ಹಳದಿ ಬಂದರೆ ಏನನ್ನುತ್ತಾರೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕೊನೆಗೆ ಉಸಿರು ಹಿಡಿದು ಊದಿದಳು.

ಹಳದಿ ಬಂತು. ಹಮಾಲ ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿದ.

ದೀಪ ಆರುವವರೆಗೆ ಅವಳು ಅದನ್ನೇ ನೋಡುತ್ತಿದ್ದಳು. ಸೇದುವವರು ಬಿಟ್ಟ ಹೊಗೆ ಪಕ್ಕದವರ ರಕ್ತಕ್ಕೂ ಇಳಿಯುತ್ತದೆ, ಬಸುರಿಯಾದರೆ ಕೂಸಿಗೂ ಮುಟ್ಟುತ್ತದೆ, ಕೂದಲಿನ ವಾಸನೆಯೂ ಅದರದೇ ಎಂದು ನಾನು ಹೇಳುತ್ತಿದ್ದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ.

"ನಾನ ಕೈ ಮುಗದು ಒಳಗ ಕುಂಡ್ರಿಸಿದ್ನಲ್ರಿ ಅಕ್ಕಾರ," ಎಂದಳು. ದನಿ ಎಷ್ಟು ತಗ್ಗಿತ್ತೆಂದರೆ ಸೊಸೆಗೂ ಕೇಳಿಸಲಿಲ್ಲವೇನೋ. ಗೆದ್ದೆ ಎನಿಸಬೇಕಾದ ಹೊತ್ತಿನಲ್ಲಿ ಆ ಮುದುಕಿಯ ಮುಖ ನೋಡಲು ಆಗಲಿಲ್ಲ.

ಆಮೇಲೆ ಅವಳು ನೇರ ಅಂಗಡಿಗೆ ನಡೆದಳು. ತಟ್ಟು ಸರಿಸಿ ಒಳಗೆ ಹೋಗಿ, ಸೊಸೆಯ ಮಣೆ ಎತ್ತಿಕೊಂಡು ಬಂದು ಬೇವಿನ ಮರದ ಕೆಳಗೆ ತನ್ನ ಜರಡಿಯ ಪಕ್ಕ ಹಾಕಿದಳು. ಒಳಗಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಶಿಬಿರದ ದಿನ ಜಾರಿಕೊಂಡಿದ್ದ ಒಬ್ಬಳು ಮೊದಲು ಎದ್ದಳು. ನಮ್ಮದೂ ಹಳದಿ ಬಂದರೆ ಮನೆಯಲ್ಲಿ ಏನು ಹೇಳುವುದೆಂದು ಅಂದು ಹೆದರಿದೆವು ಎಂದು ನನಗೆ ಹೇಳಿ, ತನ್ನ ಮಣೆಯನ್ನೂ ಹೊರಗೆ ತಂದಳು. ಉಳಿದವರದೂ ಬಂದವು.

ಸಾಹುಕಾರ ಓಡಿಬಂದ. ಆರಿಸದ ನಿಂಬೆ ನೆಲದ ತುಂಬ ಬಿದ್ದಿತ್ತು, ಲಾರಿಗಳು ಕಾಯುತ್ತಿದ್ದವು. ಬಿಸಿಲಲ್ಲಿ ಆರಿಸಿದರೆ ಕಾಯಿ ಬಾಡುತ್ತದೆ ಎಂದ. ವ್ಯಾಪಾರಿಗಳಿಗೆ ಸೇದಬೇಡಿ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂದ. ಕೆಲಸದ ಜಾಗದಲ್ಲಿ ಸೇದುವುದು ಕಾನೂನಿಗೆ ವಿರುದ್ಧ, ಜವಾಬ್ದಾರಿ ಮಾಲೀಕನದು ಎಂದು ನಾನು ಹೇಳಿದೆ. ಅವನು ತಲೆಯಾಡಿಸಿದ ರೀತಿಯಲ್ಲೇ ಇದನ್ನು ಎಷ್ಟು ಸಲ ಕೇಳಿದ್ದಾನೆಂದು ಗೊತ್ತಾಯಿತು. ಅವನನ್ನು ಮಣಿಸಿದ್ದು ಅತ್ತೆ.

"ಕಾಯಿ ತಂಪಿನ್ಯಾಗ ಇರಲಿ ಸಾವಕಾರ, ನಾವೂ ಒಳಗ ಕುಂತು ಆರಸ್ತೇವಿ. ಸೇದೋರು ಹೊರಗ ಬರಲಿ. ಅವ್ರು ಒಳಗಿದ್ರ ನಾವು ಹೊರಗ," ಎಂದು ಜರಡಿಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟಳು.

ಸಾಹುಕಾರ ಕಾಯುತ್ತಿದ್ದ ಲಾರಿಗಳನ್ನು ನೋಡಿದ, ಹೆಂಗಸರ ಮಣೆಗಳ ಸಾಲು ನೋಡಿದ. ಆಮೇಲೆ ಒಳಗೆ ಹೋಗಿ ಏನು ಹೇಳಿದನೋ, ಮಾಲು ತುಂಬುವುದನ್ನು ಕಾಯುತ್ತ ಒಳಗೇ ಕೂತಿದ್ದ ಸೊಲ್ಲಾಪುರದವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಗೊಣಗುತ್ತ ಹೊರಗೆ ಬಂದರು. ತಟ್ಟು ಮೇಲೆತ್ತಿ ಹೊಗೆ ಹೋಗುವವರೆಗೆ ಕಾದು, ಮತ್ತೆ ನೀರು ಹೊಡೆದು ಇಳಿಬಿಟ್ಟ ಮೇಲೆಯೇ ಹೆಂಗಸರು ಒಳಗೆ ಹೋದರು. ಸೊಸೆ ಮಾತ್ರ ಅಂದು ಹೋಗಲಿಲ್ಲ. ಅತ್ತೆ ಬಿಡಲಿಲ್ಲ.

ಸಂಜೆ ಮನೆಗೆ ಬಂದೆ. ನಮ್ಮದು ಮನಗೂಳಿ, ಕೆಲಸಕ್ಕಾಗಿ ಅವ್ವನೂ ನಾನೂ ಇಂಡಿಯಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಅವ್ವ ನಮಾಜು ಮುಗಿಸಿ ಎದ್ದವಳು ನನ್ನ ಹತ್ತಿರ ಬಂದು ಸೆರಗು ಮೂಸಿದಳು, ಕೂದಲು ಮೂಸಿದಳು, ಇಷ್ಟು ಹೊತ್ತು ಯಾರ ಜೊತೆ ಕೂತಿದ್ದೆ ಎಂದು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಮೊದಲು ತಲೆಸ್ನಾನ ಮಾಡಿಕೊಂಡು ಬಾ, ಆಮೇಲೆ ನೋಡೋಣ ಎಂದಳು. ಸಂಶಯದ ಬುದ್ಧಿ ನನಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲವೂ ಸರಿಹೋಯಿತೆಂದು ನಾನು ನಂಬಿಲ್ಲ. ಹೇಳದೆ ಕೇಳದೆ ಆ ಅಂಗಡಿಗೆ ಹೋಗುತ್ತಿರುತ್ತೇನೆ. ಒಮ್ಮೆ ಒಳಗೆ ನಿಂಬೆಯ ಗುಡ್ಡೆಯ ಹಿಂದೆ ಬೀಡಿ ತುಂಡುಗಳು ಸಿಕ್ಕವು. ಅವು ಹಳೆಯವು ಎಂದು ಸಾಹುಕಾರ ಸಾಧಿಸಿದ. ಪಕ್ಕದ ಅಂಗಡಿಗಳ ತಟ್ಟುಗಳಾಚೆ ಏನಿದೆ ಎಂದು ನೋಡುವ ಕೆಲಸ ಇನ್ನೂ ನಡೆದೇ ಇದೆ. ಈಗ ಹಳದಿ ಬಂದವರಿಗೆ ನನ್ನ ಮೊದಲ ಪ್ರಶ್ನೆ ಕೂರುವ ಜಾಗದ್ದು.

ತಿಂಗಳು ಕಳೆದ ಮೇಲೆ ಅತ್ತೆ ಸೊಸೆ ಸ್ಕ್ಯಾನಿಗೆ ಬಂದರು. ಮಾಲು ಹೆಚ್ಚಿದ್ದ ದಿನ, ಅಂಗಡಿಯಿಂದ ನೇರ ಬಂದಿದ್ದರು. ಕೂಸಿನ ತೂಕ ಏರುತ್ತಿದೆ, ಆದರೂ ಹೆರಿಗೆಯವರೆಗೆ ಕಣ್ಣಿಡಬೇಕು ಎಂದರು ವೈದ್ಯೆ. ಸಿಂದಗಿಯ ಮಾತು ಯಾರೂ ಎತ್ತಲಿಲ್ಲ. ಅತ್ತೆ ನನ್ನ ಕೋಣೆಗೆ ಬಂದು ಮಷಿನ್ ತೆಗೆಯಿರಿ ಎಂದಳು. ಸೊಸೆ ಊದಿದಳು. ಹಸಿರು. ಅತ್ತೆಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಊದಿಸಿರಿ ಎಂದಳು. ನನಗೂ ಬಂದಿರಲಿಲ್ಲ, ಕೊಳವೆ ಬದಲಿಸಿ ಊದಿಸಿದೆ. ಹಸಿರೇ ಬಂತು.

ಅತ್ತೆ ಎದ್ದು ಸೊಸೆಯ ಹಿಂದೆ ನಿಂತು ತಲೆಗೆ ಬಾಗಿದಳು. ಸೊಸೆ ಮೈ ಬಿಗಿಹಿಡಿದು, ಕಣ್ಣು ಮುಚ್ಚಿ ಕೂತಳು. ಅಷ್ಟು ದಿನ ತಪಾಸಣೆಗೆ ಒಡ್ಡಿ ರೂಢಿಯಾದ ತಲೆ ಅದು. ಅತ್ತೆ ನೆತ್ತಿಗೆ ಮೂಗು ಹಚ್ಚಿ ನಿಧಾನವಾಗಿ ಮೂಸಿದಳು. ಅಲ್ಲಿಯೇ ಸ್ವಲ್ಪ ಹೊತ್ತು ಇದ್ದಳು.

"ಮುಂಜಾನಿ ನಾನ ಹಚ್ಚಿದ ಎಣ್ಣಿ ವಾಸನಿ ಐತ್ರಿ," ಎಂದಳು. "ಬ್ಯಾರೆ ಏನೂ ಇಲ್ಲ."